ಶತ್ರು ಕಂಬಳಿ ಹೊದಿಯುವುದಿಲ್ಲ

ಫೆಬ್ರುವರಿಯ ಎರಡನೆಯ ಗುರುವಾರ, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ, ಶಿರಹಟ್ಟಿ ಮುಂಡರಗಿ ನಡುವಿನ ಗೋಮಾಳವೊಂದರಲ್ಲಿ ಚಾಲಕನಿಲ್ಲದ ಗಾಡಿ ಬೀರವ್ವನ ಎಡಗಾಲಿನ ಮೇಲೆ ಹಾದುಹೋಯಿತು. ಗದಗಿನ ಆಸ್ಪತ್ರೆಯಲ್ಲಿ ಆ ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದರು. ಅಂದಿನ ಪರೀಕ್ಷೆಯ ವರದಿಯಲ್ಲಿ ‘ಯಶಸ್ವಿ’ ಎಂದು ಬರೆಯಲಾಗಿದೆ.

ವರದಿ ಬರೆದವನು ಸೈಟ್ ಮ್ಯಾನೇಜರ್ ಸುದೀಪ. ಅದಕ್ಕೆ ಬೆರಳು ಒತ್ತಬೇಕಾದವಳು ಫರ್ಹಾನಾ. ಬೆಟಗೇರಿಯಲ್ಲಿ ತಗಡಿನ ಟ್ರಂಕು ಮಾಡುವ ಖಾಸಿಂಸಾಬನ ಮಗಳು, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದವಳು. ಕಂಪನಿ ಅವಳಿಗೆ ಕೊಟ್ಟ ಹುದ್ದೆಯ ಹೆಸರು ‘ಪರೀಕ್ಷಾ ದಾಖಲಾಧಿಕಾರಿ’. ಅಧಿಕಾರಿ ಎಂಬುದನ್ನು ಕೊರಳಿನ ಕಾರ್ಡಿನಲ್ಲಿ ಜಾಗ ಉಳಿದಿತ್ತೆಂದು ಸೇರಿಸಿದ್ದರು. ಅವಳಿಗಿದ್ದ ಅಧಿಕಾರ ಇಷ್ಟೇ: ಗಾಡಿಯ ಕಣ್ಣು ಯಾವುದನ್ನು ಏನೆಂದು ತಿಳಿಯಿತು ಎಂಬುದನ್ನು ಕಂಪ್ಯೂಟರಿನ ಮುಂದೆ ಕೂತು ನೋಡುವುದು, ಸಂಜೆ ಬೆರಳೊತ್ತಿ ಆ ದಿನದ ದಾಖಲೆಯನ್ನು ಮುಚ್ಚುವುದು. ಒಂದು ಅಕ್ಷರ ತಿದ್ದಬೇಕಾದರೂ ಅವಳ ಬೆರಳೇ ಬೇಕು. ಕಂಪನಿಯವರನ್ನು ನಂಬಬಾರದೆಂದು ಸೈನ್ಯದವರು ಹಾಕಿದ ನಿಯಮ ಅದು. ಮುಚ್ಚದೆ ಬಿಟ್ಟ ದಾಖಲೆಯನ್ನು ಸೈನ್ಯದ ತಪಾಸಣೆಯವರು ಬಂದಾಗ ತಾವೇ ತೆಗೆದು, ಇದ್ದದ್ದು ಇದ್ದ ಹಾಗೆ ಓದುತ್ತಾರೆ. ತಪಾಸಣೆಯವರು ಬರುವುದು ಮುಂದಿನ ಗುರುವಾರ ಎಂದಿತ್ತು.

ಕಂಪನಿಯ ಹೆಸರು ಹೇಳಿದರೆ ದೇಶದ ಭದ್ರತೆಗೆ ಧಕ್ಕೆ ಬರುತ್ತದಂತೆ. ಹೀಗಾಗಿ ಕಂಪನಿ ಎಂದಷ್ಟೇ ಅನ್ನೋಣ. ಎರಡು ವರ್ಷದ ಹಿಂದೆ ಕಪ್ಪತಗುಡ್ಡದ ಮಗ್ಗುಲಿನ ಗೋಮಾಳವನ್ನು ಅದಕ್ಕೆ ‘ತಾತ್ಕಾಲಿಕವಾಗಿ’ ಕೊಟ್ಟರು. ಮೂರು ಕಡೆ ತಂತಿಬೇಲಿ ಬಿತ್ತು. ನಾಲ್ಕನೆಯ ಕಡೆ ಬರುವಷ್ಟರಲ್ಲಿ ತಂತಿ ಮುಗಿಯಿತು, ಗುತ್ತಿಗೆದಾರನೂ ಹೊರಟುಹೋದ. ತೆರೆದಿದ್ದ ಕಡೆ ಒಂದು ಬೋರ್ಡು ನೆಟ್ಟರು. ಅದರಲ್ಲಿ ಇಂಗ್ಲಿಷು ಮತ್ತು ಹಿಂದಿಯಲ್ಲಿ ಒಳಗೆ ಬರಬೇಡಿ ಎಂದು ಬರೆದಿತ್ತು. ಕುರಿಗಳಿಗೆ ಆ ಎರಡೂ ಭಾಷೆ ಬರುತ್ತಿರಲಿಲ್ಲ. ಕುರಿ ಕಾಯುವವರಿಗೂ ಬರುತ್ತಿರಲಿಲ್ಲ. ಕಾವಲುಗಾರ ತಿರಕಪ್ಪನಿಗೆ ಬರುತ್ತಿತ್ತೋ ಇಲ್ಲವೋ ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಅಲ್ಲಿ ಪರೀಕ್ಷೆಗೆ ಬಂದದ್ದು ಎರಡು ಸಾಮಾನು. ಒಂದು ‘ಚತುರ’ ಎಂಬ ಗಾಡಿ. ಆರು ಗಾಲಿ, ಸಣ್ಣ ಟೆಂಪೊದಷ್ಟು ಮೈ, ಮುಂದೆ ನಾಲ್ಕು ಕಣ್ಣು, ಒಳಗೆ ಕೂರಲು ಜಾಗವೇ ಇಲ್ಲ. ಗಡಿಯಲ್ಲಿ ಮನುಷ್ಯರು ಹೋಗಲಾರದ ಕಡೆ ಮದ್ದುಗುಂಡು ಹೊತ್ತುಕೊಂಡು ತಾನೇ ದಾರಿ ನೋಡಿ ಹೋಗುತ್ತದೆ. ಇನ್ನೊಂದು ಅದರ ಜೊತೆಗಿನ ಕಂಪ್ಯೂಟರು. ನೋಡಲು ಸೂಟ್‌ಕೇಸಿನಂತೆ, ಎತ್ತಿದರೆ ಒರಳುಕಲ್ಲಿನಂತೆ. ಆರು ಅಡಿ ಎತ್ತರದಿಂದ ಇಪ್ಪತ್ತಾರು ಸಲ ಬಿದ್ದರೂ ಒಡೆಯದು, ಐವತ್ತೈದು ಡಿಗ್ರಿ ಬಿಸಿಲಿಗೆ ಬಳಲದು, ಧೂಳು ತಿಂದು ಕೆಮ್ಮದು, ಒಂದು ತಾಸು ನೀರಿನಲ್ಲಿಟ್ಟರೂ ಸಾಯದು ಎಂದು ಪ್ರಮಾಣಪತ್ರವಿತ್ತು. ಬಿಸಿಲು, ಧೂಳು, ಮಳೆ, ಬೀಳುವುದು, ಏಳುವುದು ಇಷ್ಟನ್ನೂ ತಡೆದುಕೊಳ್ಳುವ ಕೆಲಸಕ್ಕೆ ಆ ಕಡೆ ಮೊದಲಿನಿಂದಲೂ ಒಂದು ಹೆಸರಿತ್ತು, ಕುರಿ ಕಾಯುವುದು ಎನ್ನುತ್ತಿದ್ದರು. ಪ್ರಮಾಣಪತ್ರ ಕೊಡುವ ರೂಢಿ ಇರಲಿಲ್ಲ, ಅಷ್ಟೆ.

ಖಾಸಿಂಸಾಬ ಒಮ್ಮೆ ಮಗಳ ಫೋನಿನಲ್ಲಿ ಆ ಕಂಪ್ಯೂಟರಿನ ಚಿತ್ರ ನೋಡಿ, “ಮೂಲಿಗೆ ರಬ್ಬರ್ ಕೊಟ್ಟಾರ. ಕೆಲಸ ಗೊತ್ತಿದ್ದಾಂವ ಮಾಡ್ಯಾನ,” ಎಂದು ಒಂದೇ ಮಾತಿನಲ್ಲಿ ಪಾಸು ಮಾಡಿದ್ದ.

ಚತುರನಿಗೆ ಮನುಷ್ಯರನ್ನು ಗುರುತಿಸಲು ಕಲಿಸುವ ಕೆಲಸ ಮೂರು ತಿಂಗಳು ನಡೆಯಿತು. ಅದಕ್ಕೆ ಮನುಷ್ಯರು ಬೇಕಾಗಲಿಲ್ಲ. ಲಕ್ಷ್ಮೇಶ್ವರದ ಬಟ್ಟೆ ಅಂಗಡಿಯಿಂದ ನಾಲ್ಕು ಗೊಂಬೆ ತಂದರು. ಎರಡು ಪ್ಯಾಂಟು ಶರ್ಟಿನವು, ಒಂದು ಸಫಾರಿಯದು, ಇನ್ನೊಂದಕ್ಕೆ ತಲೆ ಇರಲಿಲ್ಲವಾದರೂ ಕೋಟು ಇತ್ತು. ಗೊಂಬೆಗಳು ಎದೆ ಮುಂದೆ ಮಾಡಿ, ಒಂದು ಕೈ ಸೊಂಟಕ್ಕಿಟ್ಟು ಬಯಲಿನಲ್ಲಿ ನಿಲ್ಲುತ್ತಿದ್ದವು. ಚತುರ ಅವುಗಳನ್ನು ದೂರದಿಂದಲೇ ಕಂಡು, ಮೂರು ಮಾರು ಮೊದಲೇ ನಿಂತು, ಮಾವನನ್ನು ಕಂಡ ಹೊಸ ಸೊಸೆಯಂತೆ ಪಕ್ಕಕ್ಕೆ ಸರಿದು ಹೋಗುತ್ತಿತ್ತು. ತಲೆಯಿಲ್ಲದ ಗೊಂಬೆಗೂ ಅಷ್ಟೇ ಮರ್ಯಾದೆ.

ಫರ್ಹಾನಾ ದಿನವೂ ಆ ಗೊಂಬೆಗಳನ್ನು ನೋಡಿ ನೋಡಿ ಒಂದು ದಿನ ಬಾಯಿಬಿಟ್ಟಳು.

“ಸರ್, ಈ ಕಡೆ ಮಂದಿ ಹಿಂಗ ನಿಂದ್ರಂಗಿಲ್ರಿ.”

“ಮತ್ತೆ ಹೇಗೆ ನಿಲ್ತಾರೆ?” ಎಂದ ಸುದೀಪ. ಅವನೂ ಗದಗಿನ ಕಡೆಯವನೇ. ಬೆಂಗಳೂರಿನಲ್ಲಿ ಆರು ವರ್ಷ ಇದ್ದು ಬೇರೆ ಮಾತು ರೂಢಿ ಮಾಡಿಕೊಂಡು ಬಂದಿದ್ದ. ಸಿಟ್ಟು ಬಂದಾಗ ಮಾತ್ರ ಊರಿನ ಮಾತು ಹೊರಗೆ ಬೀಳುತ್ತಿತ್ತು.

“ನಿಂದ್ರೂದ ಇಲ್ರಿ, ಕುಂಡ್ರತಾರ. ಕುರಿ ಕಾಯೋರು ಕಂಬಳಿ ಕೊಪ್ಪಿ ಹಾಕ್ಕೊಂಡು ಗಾಳಿಗೆ ಬೆನ್ನ ಮಾಡಿ ಕುಂತ್ರಂದ್ರ, ದೂರಿಂದ ಕಲ್ಲೋ ಮನಷ್ಯಾರೋ ನನಗೂ ಗೊತ್ತಾಗಂಗಿಲ್ಲ. ಇದಕ್ಕ ಹೆಂಗ ಗೊತ್ತಾಗಬೇಕ್ರಿ?”

ಅವಳು ಹೇಳಿದ್ದು ಆ ಸೀಮೆಯವರಿಗೆಲ್ಲ ಗೊತ್ತಿದ್ದ ಮಾತು. ಕಂಬಳಿಯ ಒಂದು ಮೂಲೆಯನ್ನು ಒಳಗೆ ಮಡಚಿ ತಲೆಗೆ ಗೂಡು ಮಾಡಿ ಸಿಕ್ಕಿಸಿ, ಉಳಿದದ್ದನ್ನು ನೆಲದವರೆಗೆ ಇಳಿಬಿಟ್ಟರೆ ಅದು ಕೊಪ್ಪೆ. ಅದರೊಳಗೆ ಕೂತವರಿಗೆ ಬಿಸಿಲೂ ಇಲ್ಲ, ಗುಡ್ಡದ ಗಾಳಿಯೂ ಇಲ್ಲ. ಗುಡ್ಡದ ಮೇಲಿನ ಗಾಳಿಯಂತ್ರಗಳು ತಿರುಗುವುದೇ ಆ ಗಾಳಿಗೆ. ಕೊಪ್ಪೆಯೊಳಗೆ ಕೂತವರು ಒಂದು ತಾಸು ಅಲುಗದೆ ಕೂರಬಲ್ಲರು. ಅಲುಗಿದರೆ ಕುರಿ ಬೆದರುತ್ತವೆ.

ಫರ್ಹಾನಾ ಪರೀಕ್ಷೆಯ ಪಟ್ಟಿಯಲ್ಲಿ ನಲವತ್ತೊಂದನೆಯ ಸಾಲು ಸೇರಿಸಿ ತಂದಿದ್ದಳು: ‘ಕಂಬಳಿ ಹೊದ್ದು ಕೂತ ಮನುಷ್ಯರು.’ ಸುದೀಪ ಅದನ್ನು ಓದಿ ನಕ್ಕ.

“ಫರ್ಹಾನಾ, ಇದು ಡಿಫೆನ್ಸ್ ಗಾಡಿ. ಶತ್ರು ಕಂಬಳಿ ಹೊದಿಯುವುದಿಲ್ಲ.”

“ಶತ್ರು ಹೊದಿಯಂಗಿಲ್ಲ, ಖರೆರಿ. ಆದ್ರ ಇಲ್ಲಿರೋರು ಶತ್ರುಗಳಲ್ಲಲ್ರಿ?”

“ಅದಕ್ಕೇ ಅವರು ಪಟ್ಟಿಯಲ್ಲಿಲ್ಲ,” ಎಂದು ಸುದೀಪ ನಲವತ್ತೊಂದನೆಯ ಸಾಲಿನ ಮೇಲೆ ಗೆರೆ ಎಳೆದ. ಮಾತು ಅಲ್ಲಿಗೆ ಮುಗಿಯಿತು.

ಆ ಗುರುವಾರ ಬೆಂಗಳೂರಿನಿಂದ ದೊಡ್ಡ ಸಾಹೇಬರು ಬಂದಿದ್ದರು. ಸೈನ್ಯದಿಂದ ನಿವೃತ್ತರಾಗಿ ಕಂಪನಿಗೆ ಸಲಹೆಗಾರರಾದವರು. ಮೀಸೆ ಇನ್ನೂ ಸೇವೆಯಲ್ಲಿತ್ತು. ಅವರ ಜೊತೆ ಜಾಹೀರಾತಿಗೆ ವಿಡಿಯೊ ತೆಗೆಯುವವರೂ ಬಂದಿದ್ದರು.

ಗಾಡಿ ಓಡುವಾಗ ಒಬ್ಬರು ನಿಲುಗಡೆ ಗುಂಡಿಯ ಮೇಲೆ ಬೆರಳಿಟ್ಟೇ ಇರಬೇಕೆಂಬುದು ನಿಯಮ. ಗುಂಡಿ ಒತ್ತಿದರೆ ಗಾಡಿ ಅಲ್ಲೇ ನಿಲ್ಲುತ್ತದೆ. ಎಂದಿನಂತೆ ಸುದೀಪ ಅದನ್ನು ಕೈಯಲ್ಲಿ ಹಿಡಿದು ನಿಂತಿದ್ದ. ಸಾಹೇಬರಿಗೆ ಅದು ಚಂದ ಕಾಣಲಿಲ್ಲ.

“ಏನ್ರೀ ಅದು, ಟಿ.ವಿ. ರಿಮೋಟ್ ಹಿಡಿದ ಹಾಗೆ? ವಿಡಿಯೊದಲ್ಲಿ ಯಾರ ಕೈಯೂ ಕಾಣಕೂಡದು. ಮಾನವರಹಿತ ಅಂದರೆ ಮಾನವರಹಿತ.”

ಸುದೀಪ ಗುಂಡಿಯನ್ನು ಜೇಬಿಗೆ ಹಾಕಿಕೊಂಡ. ದೇಶಪ್ರೇಮದ ಸಂಗೀತ ಹಚ್ಚಿದರು. ಚತುರ ಹೊರಟಿತು.

ಫರ್ಹಾನಾ ಕಂಪ್ಯೂಟರಿನ ಮುಂದಿದ್ದಳು. ಪರದೆಯಲ್ಲಿ ಜಾಲಿಕಂಟಿ, ಹುಲ್ಲು, ತಗ್ಗು, ಮತ್ತೆ ಜಾಲಿಕಂಟಿ ಸಾಗಿ ಬಂದವು. ಒಂದು ಏರಿನ ಬಳಿ ಕಪ್ಪಗೆ ಏನೋ ಕಂಡಿತು. ಚತುರನ ಕಣ್ಣು ಅದರ ಸುತ್ತ ಎರಡು ಚೌಕ ಬರೆದು ಪಕ್ಕದಲ್ಲಿ ಹೆಸರು ಬರೆಯಿತು: ‘ದೊಡ್ಡ ಬಂಡೆ, ನೂರಕ್ಕೆ ತೊಂಬತ್ತೇಳು ಖಾತ್ರಿ. ಸಣ್ಣ ಬಂಡೆ, ನೂರಕ್ಕೆ ತೊಂಬತ್ನಾಲ್ಕು ಖಾತ್ರಿ.’

ಫರ್ಹಾನಾಳಿಗೂ ಅದು ಬಂಡೆಯಂತೆಯೇ ಕಂಡಿತು. ಆಮೇಲೆ ಕುರಿಗಳು ಕಂಡವು. ಹತ್ತಿಪ್ಪತ್ತು ಕುರಿ ಆ ಬಂಡೆಯ ನೆರಳಿಗೆ ತಲೆ ತಗ್ಗಿಸಿ, ಅದಕ್ಕೆ ಮೈ ತಾಗಿಸಿಕೊಂಡು ನಿಂತಿದ್ದವು. ಕಲ್ಲಿಗೆ ಯಾವ ಕುರಿಯೂ ಹಾಗೆ ಮೈ ತಾಗಿಸಿ ನಿಲ್ಲುವುದಿಲ್ಲ.

“ಸರ್, ಬಟನ್ ಒತ್ರಿ! ಅಲ್ಲಿ ಮನಷ್ಯಾರದಾರ!”

ಸುದೀಪ ಅವಳ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟ. ಧ್ವನಿ ರೆಕಾರ್ಡ್ ಆಗುತ್ತಿತ್ತು.

“ಸರ್! ಒತ್ರಿ!”

ಹನ್ನೊಂದು ಸೆಕೆಂಡು. ಕುರಿಗಳು ಚದುರಿದವು, ಕಂಬಳಿ ಏಳಲಿಲ್ಲ. ಸುದೀಪನ ಕೈ ಜೇಬಿಗೆ ಹೋಗಿ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಚತುರ ಒಂದು ನಿಯಮವನ್ನೂ ಮುರಿಯಲಿಲ್ಲ. ಒಂದು ಅಡಿಗಿಂತ ಎತ್ತರದ ಬಂಡೆ ಕಂಡರೆ ಸುತ್ತುಹಾಕಬೇಕು, ತಗ್ಗಿನದಾದರೆ ಹತ್ತಿ ಇಳಿಯಬೇಕು ಎಂದು ಅದಕ್ಕೆ ಕಲಿಸಿದ್ದರು. ದೊಡ್ಡ ಬಂಡೆ ಎಂದರೆ ಕೊಪ್ಪೆಯೊಳಗೆ ಕೂತ ಬೀರವ್ವ. ಅದನ್ನು ಸುತ್ತುಹಾಕಿತು. ಸಣ್ಣ ಬಂಡೆ ಎಂದರೆ, ಮೊಣಕಾಲು ನೋವೆಂದು ಅವಳು ಕಂಬಳಿಯ ಅಡಿ ಚಾಚಿಕೊಂಡ ಎಡಗಾಲು. ಅದನ್ನು ಹತ್ತಿ ಇಳಿಯಿತು. ಇಳಿದ ಮೇಲೆ ‘ಅಡೆತಡೆ ಯಶಸ್ವಿಯಾಗಿ ದಾಟಲಾಗಿದೆ’ ಎಂದು ಪರದೆಯಲ್ಲಿ ಹಸಿರು ಅಕ್ಷರ ಮೂಡಿತು.

ಬೀರವ್ವನನ್ನು ಟಂಟಂ ರಿಕ್ಷಾದಲ್ಲಿ ಹಾಕಿಕೊಂಡು ಗದಗಿಗೆ ಓಡಿದ್ದು ತಿರಕಪ್ಪ ಮತ್ತು ಫರ್ಹಾನಾ. ಫರ್ಹಾನಾ ಹಿಂದಿರುಗುವಷ್ಟರಲ್ಲಿ ಕಂಪ್ಯೂಟರು ಸುದೀಪನ ಕಬ್ಬಿಣದ ಕಪಾಟಿನಲ್ಲಿತ್ತು. ಅಂದಿನ ದಾಖಲೆಗೆ ಯಾರೂ ಬೆರಳೊತ್ತಿರಲಿಲ್ಲ.

ರವಿವಾರ ಅವಳು ಆಸ್ಪತ್ರೆಗೆ ಹೋದಳು. ಬೀರವ್ವ ಗೋಡೆಗೆ ಒರಗಿ ಕೂತು ಚಹಾ ಕುಡಿಯುತ್ತಿದ್ದಳು. ಗಂಡ ಗೋಣೆಪ್ಪ ಮಂಚದ ಕಾಲಬಳಿ ರುಮಾಲು ಬಿಚ್ಚಿಟ್ಟುಕೊಂಡು ಕೂತಿದ್ದ. ಅವಳನ್ನು ಕಂಡವನೇ ಕೇಳಿದ:

“ಯವ್ವಾ, ನೀ ಕಂಪನಿಯಾಕಿ ಹೌದಲ್ಲ? ಆ ಗಾಡಿ ಡ್ರೈವರ್ ಯಾರದಾನ?”

“ಡ್ರೈವರ್ ಇಲ್ರಿ ಕಾಕಾ.”

“ಓಡಿ ಹೋದ್ನೇನು?”

“ಇಲ್ರಿ, ಮೊದಲಿಂದನೂ ಇಲ್ಲ. ಅದು ತನ್ನಷ್ಟಕ್ಕ ತಾನ ಹೋಗ್ತತಿ.”

ಗೋಣೆಪ್ಪ ರುಮಾಲು ಎತ್ತಿ ತೊಡೆಯ ಮೇಲಿಟ್ಟುಕೊಂಡ. “ಹಂಗಾರ ಯಾರಿಗೆ ಬಡೀಬೇಕು?” ಎಂದ. “ನಮ್ಮೂರಾಗ ಟ್ರ್ಯಾಕ್ಟರ್ ಹಾಯ್ತಂದ್ರ ಡ್ರೈವರ್‌ನ ಎಳದು ಎರಡ ಬಿಡತೇವಿ, ಮಾತು ಆಮ್ಯಾಲ. ಇದಕ್ಕ ಹೊಡಿಸ್ಕೊಳ್ಳಾಕೂ ಒಬ್ಬಾಂವ ಇಲ್ಲಲ್ಲ. ಭಾಳ ಶಾಣ್ಯಾ ಅದಾರ ಮಾಡಿದವರು.”

“ಸುಮ್ನ ಇರು ನೀ,” ಎಂದಳು ಬೀರವ್ವ. ಕಪ್ಪು ಕೆಳಗಿಟ್ಟು ಫರ್ಹಾನಾಳ ಕಡೆ ತಿರುಗಿದಳು. “ತಂಗಿ, ಒಂದ ಮಾತು ಕೇಳತೇನಿ, ಖರೆ ಹೇಳು. ಆ ಗಾಡಿ ನನ್ನ ಏನಂತ ತಿಳ್ಕೊಂಡಿತ್ತ?”

ಫರ್ಹಾನಾ ಸುಳ್ಳು ಹೇಳಲು ನೋಡಿದಳು, ಸಿಗಲಿಲ್ಲ. “ಕಲ್ಲಂತ ತಿಳ್ಕೊಂಡಿತ್ರಿ.”

ಬೀರವ್ವ ನಕ್ಕಳು. ನಗುವಾಗ ಕಾಲು ನೊಂದು ಮಂಚದ ಅಂಚು ಹಿಡಿದುಕೊಂಡಳು. “ಕಲ್ಲಂತ ತಿಳದ್ರ ಸುತ್ತ ಹಾಕ್ಕೊಂಡು ಹೋಗಬೇಕಿಲ್ಲೇನು? ನಮ್ಮ ಕುರಿ ಅಷ್ಟು ತಿಳೀತಾವ. ಅದಕ್ಕ ಎಷ್ಟ ಕಣ್ಣು?”

“ನಾಕರಿ.”

“ನಾಕು!” ಎಂದಳು ಬೀರವ್ವ, ಗಂಡನ ಕಡೆ ನೋಡಿ.

ಗೋಣೆಪ್ಪ ಅಂಗಿಯ ಜೇಬಿನಿಂದ ಮಡಚಿದ ಹಾಳೆಯೊಂದನ್ನು ತೆಗೆದು ಕೊಟ್ಟ. ಶನಿವಾರ ಕಂಪನಿಯವರು ಬಂದು ಹೆಬ್ಬೆಟ್ಟು ಒತ್ತಿ ಕೊಡಲು ಹೇಳಿ ಹೋಗಿದ್ದರಂತೆ. ಫರ್ಹಾನಾ ಓದಿದಳು. ‘ಸದರಿ ಮಹಿಳೆಯು ನಿಷೇಧಿತ ಪ್ರದೇಶದಲ್ಲಿ ಓಡಿಬಂದು ಕಾಲು ಜಾರಿ ಬಿದ್ದಿರುತ್ತಾಳೆ. ವಾಹನವು ಮನುಷ್ಯಳನ್ನು ಗುರುತಿಸಿ ತಾನಾಗಿಯೇ ನಿಂತಿರುತ್ತದೆ.’

“ನಾ ಬಿದ್ದಿಲ್ಲವ್ವಾ,” ಎಂದಳು ಬೀರವ್ವ. “ಕುಂತಿದ್ದೆ. ನಮ್ಮತ್ತಿ ಕುಂಡ್ರೂ ಜಾಗಾದಾಗ ಕುಂತಿದ್ದೆ.”

“ಆಕಿ ಬಿದ್ಲು ಅಂತ ಬರದ್ರ ಏನಾಗತೈತಿ ಗೊತ್ತೇನು?” ಎಂದ ಗೋಣೆಪ್ಪ. “ಗಾಡಿ ಶಾಣ್ಯಾ, ಮಂದೀನ ಖೊಟ್ಟಿ ಅಂತ ಆತು. ಮಂದಿ ಬರಬಾರದು ಅಂತ ನಾಕನೇ ಕಡಿಗೂ ತಂತಿ ಹೊಡಿತಾರ. ನಾವು ಐದ ಮನಿಯವರು, ಐದನೂರ ಕುರಿ. ಎಲ್ಲಿ ಮೇಸೂಣು? ಗದಗ ಬಸ್‌ಸ್ಟ್ಯಾಂಡಿನ್ಯಾಗ?”

“ನೀವು ಹೆಬ್ಬೆಟ್ಟು ಒತ್ತೀರೇನ್ರಿ?”

“ನಾವೇನು ಒತ್ತಂಗಿಲ್ಲ. ಆದ್ರ ನಮ್ಮದು ಬ್ಯಾಡ ಅಂದ್ರಲ್ಲ ಆ ಮಂದಿ. ‘ನೀವು ಒತ್ತಲಿಲ್ಲಂದ್ರ ಏನಾತು, ನಮ್ಮ ಹುಡುಗಿದು ಒಂದ ಬೆರಳ ಸಾಕು’ ಅಂದ್ರು.” ಗೋಣೆಪ್ಪ ಅವಳ ಕೈ ನೋಡಿದ. “ನಿಂದ ಏನು ಅದು?”

ಫರ್ಹಾನಾ ಕೈಯನ್ನು ದುಪಟ್ಟಾದ ಒಳಗೆ ಎಳೆದುಕೊಂಡಳು. ವರ್ಷದ ಗುತ್ತಿಗೆ ಮಾರ್ಚಿಗೆ ಮುಗಿಯುವುದಿತ್ತು. ಕಾಯಂ ಮಾಡುತ್ತೇವೆಂದು ಮೂರು ಸಲ ಹೇಳಿದ್ದರು.

ಮಂಗಳವಾರ ಸುದೀಪ ಕಪಾಟಿನಿಂದ ಕಂಪ್ಯೂಟರು ತೆಗೆದ. ಮುಖದಲ್ಲಿ ಹೊಸ ಉಪಾಯದ ಕಳೆ ಇತ್ತು. ದಾಖಲೆ ತಿದ್ದಲು ಬೆರಳು ಬೇಕು, ಆದರೆ ಕಂಪ್ಯೂಟರೇ ಒಡೆದುಹೋದರೆ ದಾಖಲೆಯೂ ಇಲ್ಲ, ಬೆರಳೂ ಬೇಡ. ತಪಾಸಣೆಯವರಿಗೆ ಕಾಗದದ ವರದಿ ತೋರಿಸಿದರೆ ಮುಗಿಯಿತು. ಸಾಮಾನು ಅಕಸ್ಮಾತ್ ಬೀಳುವುದುಂಟು.

“ನೀನು ಸಾಕ್ಷಿ,” ಎಂದ ಫರ್ಹಾನಾಳಿಗೆ. “ಲಾರಿಯಿಂದ ಇಳಿಸುವಾಗ ಕೈಜಾರಿತು.”

ಲಾರಿಯ ಮೇಲೆ ಹತ್ತಿ ನಿಂತು ಸುದೀಪ ಕೈಜಾರಿಸಿದ. ಧಡ್ ಎಂದು ಬಿತ್ತು. ತಿರಕಪ್ಪ ಎತ್ತಿ, ಧೂಳು ಒರೆಸಿ, ಮುಚ್ಚಳ ತೆಗೆದ. ಪರದೆ ಹೊತ್ತಿಕೊಂಡಿತು: ‘ಬೀಳುವಿಕೆ, ಆರು ಅಡಿ. ಹಾನಿ ಇಲ್ಲ.’

ಸುದೀಪ ಇನ್ನೊಮ್ಮೆ ಕೈಜಾರಿಸಿದ. ಮತ್ತೊಮ್ಮೆ. ಏಳನೆಯ ಸಲ ಕೈಜಾರಿಸುವಾಗ ಎರಡೂ ಕೈಯಿಂದ ತಲೆಯ ಮೇಲೆತ್ತಿ ಕುಕ್ಕಿದ. ‘ಬೀಳುವಿಕೆ, ಒಂಬತ್ತು ಅಡಿ. ಹಾನಿ ಇಲ್ಲ.’

“ಇನ್ನ ಹತ್ತೊಂಬತ್ತ ಉಳದಾವ್ರಿ ಸರ್,” ಎಂದಳು ಫರ್ಹಾನಾ. “ಇಪ್ಪತ್ತಾರು ತಡಕೊಳ್ತತಿ ಅಂತ ಬರದಾರ.”

ನೀರಿನ ಡ್ರಮ್ಮಿನಲ್ಲಿ ಮುಳುಗಿಸಿ ಮುಚ್ಚಳ ಹಾಕಿ, ಮೂವರೂ ಮಿರ್ಚಿ ಮಂಡಕ್ಕಿ ತಿಂದು ಬಂದರು. ‘ಮುಳುಗಡೆ, ನಲವತ್ತು ನಿಮಿಷ. ಹಾನಿ ಇಲ್ಲ.’ ತಿರಕಪ್ಪ ಸಲಾಕೆಯಿಂದ ಬಾರಿಸಿದ. ಸಲಾಕೆ ಸೊಟ್ಟಗಾಯಿತು. ಇಷ್ಟು ಗಟ್ಟಿ ಸಾಮಾನನ್ನು ಮಾಡಿದ್ದು ತಮ್ಮದೇ ಕಂಪನಿ ಎಂಬ ಹೆಮ್ಮೆಯಿಂದಲೋ ಏನೋ ಸುದೀಪನ ಕಣ್ಣು ಕೆಂಪಾದವು.

“ಗಾಡಿ ತರ್ರಿ!” ಎಂದು ಕೂಗಿದ. ಊರಿನ ಮಾತು ಹೊರಬಿದ್ದಿತ್ತು. “ಹಾಯಿಸೇ ಬಿಡೂಣು ಇದರ ಮ್ಯಾಲ!”

ಕಂಪ್ಯೂಟರನ್ನು ಬಯಲಿನ ನಡುವೆ ಇಟ್ಟರು. ಚತುರ ದೂರದಿಂದ ಭರ್ರನೆ ಬಂತು. ಬಂದು, ಕಂಪ್ಯೂಟರು ಇನ್ನೂ ಮೂರು ಮಾರು ದೂರ ಇರುವಾಗಲೇ ಗಕ್ಕನೆ ನಿಂತಿತು. ‘ಕಂಪನಿಯ ಉಪಕರಣ, ನೂರಕ್ಕೆ ತೊಂಬತ್ತೊಂಬತ್ತು ಖಾತ್ರಿ. ನಿಲುಗಡೆ.’ ಒಂದು ಗಳಿಗೆ ತಡೆದು, ಎಚ್ಚರದಿಂದ ಪಕ್ಕಕ್ಕೆ ಸರಿದು ಹೊರಟುಹೋಯಿತು.

ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು.

“ಅಬಾಬಾ,” ಎಂದ ಕೊನೆಗೆ ತಿರಕಪ್ಪ. “ಪೆಟ್ಟಿಗಿ ಗುರ್ತು ಹಿಡೀತಲ್ರಿ ಸರ್. ಬಿಕಿನಾಸಿ ಗಾಡಿ, ಪೆಟ್ಟಿಗಿ ಗುರ್ತು ಹಿಡೀತು.”

ಸುದೀಪ ಅವನ ಹೆಗಲ ಮೇಲೆ ನೋಡಿದ. ಅಲ್ಲಿ ಕಂಬಳಿ ಇತ್ತು. ಅವನಿಗೆ ಹೊಳೆದದ್ದು ಏನೆಂದು ಫರ್ಹಾನಾಳಿಗೆ ಅವನು ಬಾಯಿ ತೆರೆಯುವ ಮೊದಲೇ ಗೊತ್ತಾಯಿತು.

“ತಿರಕಪ್ಪ, ಆ ಕಂಬಳಿ ಕೊಡು.”

“ಯಾಕ್ರಿ?”

“ಕೊಡಲೇ!”

ಕಂಪ್ಯೂಟರಿನ ಮೇಲೆ ಕಂಬಳಿ ಹೊದಿಸಿದರು. ಚತುರ ಮತ್ತೆ ಬಂತು. ಈ ಸಲ ನಿಲ್ಲಲಿಲ್ಲ. ಯೋಚಿಸಲೂ ಇಲ್ಲ. ಮೂರು ಗಾಲಿ ಒಂದರ ಹಿಂದೊಂದು ಹತ್ತಿ, ಇಳಿದು, ಮುಂದೆ ಹೋದವು. ತಿರಕಪ್ಪ ಓಡಿಹೋಗಿ ಕಂಬಳಿ ಎತ್ತಿದ. ನೆಲದೊಳಗೆ ಅರ್ಧ ಹೂತಿದ್ದ ಪೆಟ್ಟಿಗೆಯನ್ನು ಕಿತ್ತು ತಂದು ಮುಚ್ಚಳ ತೆಗೆದರೆ, ಪರದೆಯಲ್ಲಿ ಒಂದು ಗೀರು ಬಿದ್ದಿತ್ತು. ಗೀರಿನ ಆಚೆ ಅಕ್ಷರಗಳು ನಿಚ್ಚಳವಾಗಿದ್ದವು: ‘ಸಣ್ಣ ಬಂಡೆ, ನೂರಕ್ಕೆ ತೊಂಬತ್ನಾಲ್ಕು ಖಾತ್ರಿ. ಅಡೆತಡೆ ಯಶಸ್ವಿಯಾಗಿ ದಾಟಲಾಗಿದೆ.’ ಅದರ ಕೆಳಗೆ: ‘ಭಾರ ಬಿದ್ದಿದೆ. ಹಾನಿ ಇಲ್ಲ.’

ಫರ್ಹಾನಾ ಅದನ್ನು ಎರಡು ಸಲ ಓದಿದಳು. ಗಾಡಿ ಕಂಬಳಿಯನ್ನು ಏನೆಂದು ತಿಳಿಯುತ್ತದೆ ಎಂಬುದಕ್ಕೆ ಈಗ ಎರಡನೆಯ ಸಾಕ್ಷಿ ಸಿಕ್ಕಿತ್ತು, ಅದೂ ದಿನಾಂಕ, ಗಂಟೆ, ನಿಮಿಷದ ಸಮೇತ.

“ಸರ್,” ಎಂದಳು, “ನಲವತ್ತೊಂದನೇ ಪರೀಕ್ಷಾ ಮುಗೀತ್ರಿ. ನೀವ ಮಾಡಿದ್ರಿ.”

ಸುದೀಪ ಲಾರಿಯ ನೆರಳಿಗೆ ಹೋಗಿ ಕೂತ. ಇನ್ನು ಉಳಿದದ್ದು ಒಂದೇ ದಾರಿ ಎಂಬುದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅವನು ತಲೆಯೆತ್ತಿ ಅವಳ ಕೈ ಕಡೆ ನೋಡಿದ.

ಗುರುವಾರ ಬೆಳಿಗ್ಗೆ ಬಸ್ಸಿಗೆ ಹೊರಡುವ ಮೊದಲು ಅವಳ ತಾಯಿ ಗುಲಾಬಬಿ ಬಾಗಿಲಿಗೆ ಅಡ್ಡ ನಿಂತಳು. ನಾಲ್ಕು ದಿನದಿಂದ ಮಗಳು ಮನೆಯಲ್ಲಿ ಸರಿಯಾಗಿ ಉಣ್ಣದ್ದು ಯಾಕೆಂದು ಅವಳು ಹೇಗೋ ಹೊರಗೆ ತೆಗೆದಿದ್ದಳು.

“ಒಂದ ಬೆರಳ ಒತ್ತಿ ಬಾ. ಏನ್ ಹೋಗ್ತತಿ ನಿಂದು? ಸರಕಾರ, ಮಿಲಿಟರಿ ಅಂದ್ರ ಸುಮ್ನ ಐತೇನು? ನಾಳೆ ಪೊಲೀಸ್ರು ಬಂದು ಬಾಗಲಾ ಬಡದ್ರ, ಓಣ್ಯಾಗ ಯಾರು ನಮ್ಮ ಸಂಗಾಟ ನಿಂದ್ರತಾರ? ನಮ್ಮ ಹೆಸರ ನೋಡು ಮೊದಲ.”

“ಅಮ್ಮಾ, ಆಕಿ ಕಾಲು...”

“ಆಕಿ ಕಾಲು ಹೋಗ್ಯತಿ. ನೀ ಒತ್ತಿದ್ರೂ ಬರಂಗಿಲ್ಲ, ಒತ್ತಲಿಲ್ಲಂದ್ರೂ ಬರಂಗಿಲ್ಲ.”

ಅದು ನಿಜವೇ ಆಗಿತ್ತು. ಅಂಗಳದಲ್ಲಿ ಮದುವೆಯ ಟ್ರಂಕೊಂದಕ್ಕೆ ತಗಡು ಬಡಿಯುತ್ತಿದ್ದ ಖಾಸಿಂಸಾಬ ಸುತ್ತಿಗೆ ನಿಲ್ಲಿಸಿದ.

“ಬಸ್ಸಿಗೆ ಹೊತ್ತಾತು, ಬಿಡು ಆಕಿನ್ನ,” ಎಂದ ಹೆಂಡತಿಗೆ. ಟ್ರಂಕಿನ ಮುಚ್ಚಳವನ್ನು ಒಮ್ಮೆ ಹಾಕಿ, ತೆಗೆದು, ಮತ್ತೆ ಬಡಿಯತೊಡಗಿದ.

ಬಸ್ಸಿನಲ್ಲಿ ಅವಳು ತಾಯಿಯ ಮಾತನ್ನೇ ತಿರುವಿ ಹಾಕಿದಳು. ಕಾಲು ಬರುವುದಿಲ್ಲ. ಆದರೆ ಗೋಮಾಳ ಇನ್ನೂ ಇತ್ತು, ನಾಲ್ಕನೆಯ ಕಡೆ ಇನ್ನೂ ತೆರೆದಿತ್ತು. ಐದು ಮನೆಯವರು ನಾಳೆಯೂ ಅಲ್ಲೇ ಕೂರುವವರು. ಚತುರ ಪಾಸಾದರೆ ಇನ್ನೂ ನೂರು ಚತುರ ಬರುತ್ತವೆ, ಎಲ್ಲೆಲ್ಲೋ ಹೋಗುತ್ತವೆ. ಅಲ್ಲೆಲ್ಲ ಯಾರು ಏನನ್ನು ಹೊದ್ದು ಕೂತಿರುತ್ತಾರೋ ಯಾರಿಗೆ ಗೊತ್ತು.

ತಗಡಿನ ಶೆಡ್ಡಿನಲ್ಲಿ ದೊಡ್ಡ ಸಾಹೇಬರು ಮೊದಲೇ ಬಂದು ಕೂತಿದ್ದರು. ಮೇಜಿನ ಮೇಲೆ ಗೀರು ಬಿದ್ದ ಕಂಪ್ಯೂಟರು ತೆರೆದಿತ್ತು. ಪರದೆಯಲ್ಲಿ ಸುದೀಪ ಬರೆದ ತಿದ್ದುಪಡಿ ಇತ್ತು: ಹನ್ನೊಂದು ಹತ್ತಕ್ಕೆ ಗಾಡಿ ಮನುಷ್ಯಳನ್ನು ಗುರುತಿಸಿ ನಿಂತಿತು. ಮಂಗಳವಾರ ಯಾವ ಪರೀಕ್ಷೆಯೂ ನಡೆಯಲಿಲ್ಲ. ಕೆಳಗೆ ಬೆರಳಿಡುವ ಪುಟ್ಟ ಗಾಜು ನೀಲಿಯಾಗಿ ಮಿನುಗುತ್ತಿತ್ತು. ತಪಾಸಣೆಯವರ ಜೀಪು ಶಿರಹಟ್ಟಿ ದಾಟಿದೆ ಎಂದು ಫೋನು ಬಂದಿತ್ತು.

“ಬಾಮ್ಮ, ಕೂತ್ಕೊ,” ಎಂದರು ಸಾಹೇಬರು. ದನಿಯಲ್ಲಿ ಸಕ್ಕರೆ ಇತ್ತು. “ಒಳ್ಳೆ ಕೆಲಸಗಾರ್ತಿ ಅಂತ ಕೇಳಿದೀನಿ. ಇವತ್ತೇ ಕಾಯಂ ಆದೇಶಕ್ಕೆ ಸಹಿ ಹಾಕಿಸ್ತೀನಿ. ನೋಡು, ಆ ಹೆಂಗಸಿನ ವಿಷಯ ನಮಗೂ ದುಃಖ ಇದೆ. ಆದರೆ ದೊಡ್ಡ ಕೆಲಸದಲ್ಲಿ ಸಣ್ಣಪುಟ್ಟದ್ದು ಆಗುತ್ತೆ. 
ಗಡಿಯಲ್ಲಿ ನಮ್ಮ ಹುಡುಗರ ಪ್ರಾಣ ಉಳಿಸೋ ಗಾಡಿ ಇದು.”

“ಗಡಿ ಮ್ಯಾಲೂ ಕುರಿ ಕಾಯೋರು ಇರ್ತಾರಲ್ರಿ ಸರ್. ಅಲ್ಲಿ ಥಂಡಿ ಜಾಸ್ತಿ. ಅವ್ರೂ ಹೊದ್ಕೊಂಡ ಕುಂತಿರ್ತಾರ.”

ಸಾಹೇಬರು ಸುದೀಪನ ಕಡೆ ನೋಡಿದರು. ಸುದೀಪ ನೆಲ ನೋಡಿದ.

“ನಿನ್ನ ಪೂರ್ತಿ ಹೆಸರೇನು?” ಎಂದು ಕೇಳಿದರು ಸಾಹೇಬರು. ಹೆಸರು ಅವಳ ಕೊರಳಿನ ಕಾರ್ಡಿನಲ್ಲೇ ಇತ್ತು. ಅವರು ಅದನ್ನು ಕೈಯಲ್ಲಿ ಹಿಡಿದು ನಿಧಾನವಾಗಿ, ಒಂದೊಂದೇ ಅಕ್ಷರ ಬಿಡಿಸಿ ಓದಿದರು. ಸಕ್ಕರೆ ಕರಗಿಹೋಗಿತ್ತು. “ರಕ್ಷಣಾ ರಹಸ್ಯ, ತಿಳೀತಾ? ನಾಳೆ ಪತ್ರಿಕೆಯಲ್ಲಿ ಈ ಹೆಸರು ಬಂದರೆ ಜನ ಏನು ತಿಳ್ಕೋತಾರೆ? ನಿಮ್ಮವರು ಇಂಥದ್ದರಲ್ಲಿ ಸ್ವಲ್ಪ ಎಚ್ಚರವಾಗಿರಬೇಕು. ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ.”

ಫರ್ಹಾನಾ ಕಾರ್ಡನ್ನು ಅವರ ಕೈಯಿಂದ ಬಿಡಿಸಿಕೊಂಡಳು. ತಾಯಿ ಬಾಗಿಲಲ್ಲಿ ನಿಂತು ಹೇಳಿದ್ದು ಇದನ್ನೇ. ಬೀರವ್ವನನ್ನು ಕಲ್ಲು ಎಂದು ತಿಳಿಯಲು ಗಾಡಿಗೆ ನಾಲ್ಕು ಕಣ್ಣು ಬೇಕಾಗಿದ್ದವು. ತನ್ನನ್ನು ಏನೋ ಒಂದು ಎಂದು ತಿಳಿಯಲು ಇವರಿಗೆ ಒಂದು ಕಾರ್ಡು ಸಾಕಾಯಿತು. ಇವರ ಖಾತ್ರಿಯೂ ನೂರಕ್ಕೆ ತೊಂಬತ್ತರ ಮೇಲೆಯೇ ಇದ್ದೀತು.

ದೂರದಲ್ಲಿ ಜೀಪಿನ ಸದ್ದು ಕೇಳಿಸಿತು. ಸುದೀಪ ಚಡಪಡಿಸಿದ.

“ಫರ್ಹಾನಾ, ಹೊತ್ತಿಲ್ಲ. ಒತ್ತು.”

ಅವಳು ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು.

“ಏ, ಕಿವಿ ಕೇಳಂಗಿಲ್ಲೇನು? ಒತ್ತಂದ್ರ ಒತ್ತು! ನನ್ನ ನೌಕರಿ ಐತಿ ಇದರಾಗ!” ಅವನು ಮೇಜು ಸುತ್ತಿ ಬಂದು ಅವಳ ಮಣಿಕಟ್ಟು ಹಿಡಿದು ಆ ಗಾಜಿನ ಕಡೆ ಎಳೆದ. ಅವಳು ಮುಷ್ಟಿ ಕಟ್ಟಿದಳು. ಅವನು ಬೆರಳು ಬಿಡಿಸಲು ನೋಡಿದ, ಬಿಚ್ಚಲಿಲ್ಲ. ಬಾಗಿಲಲ್ಲಿ ತಿರಕಪ್ಪ ನಿಂತು ನೋಡುತ್ತಿದ್ದ. ಹೊರಗೆ ಜೀಪು ಬಂದು ನಿಂತಿತು.

“ಸಿಟ್ಟು ಬೇಡಮ್ಮ, ಒತ್ತಿಬಿಡು,” ಎಂದರು ಸಾಹೇಬರು, ಎದ್ದು ಮೀಸೆ ಸರಿಮಾಡಿಕೊಳ್ಳುತ್ತ. “ಇದು ಆಜ್ಞೆ.”

“ಕೈ ಬಿಡ್ರಿ ಸರ್,” ಎಂದಳು ಫರ್ಹಾನಾ ಸುದೀಪನಿಗೆ. ಆಮೇಲೆ ಸಾಹೇಬರ ಕಡೆ ತಿರುಗಿ, ಹೊರಗಿನವರಿಗೂ ಕೇಳುವ ಹಾಗೆ ಹೇಳಿದಳು:

“ನಾ ಒತ್ತಂಗಿಲ್ಲ.”